ಡಾರ್ಕ್‌ರೂಮಿನ ಕೆಲಸಗಾರ ಎಲ್ಲಿ ಹೋದ?

(ವಿಶ್ವ ಛಾಯಾಗ್ರಹಣ ದಿನವಾದ ಆಗಸ್ಟ್ 19ರಂದು ತಾಲ್ಲೂಕು ಛಾಯಾಗ್ರಾಹಕರ ಸಂಘವೊಂದು ವಿದ್ಯಾರ್ಥಿಗಳಿಗಾಗಿ ಏರ್ಪಡಿಸಿದ್ದ ಕಾರ್ಯಕ್ರಮದಲ್ಲಿ ನಮ್ಮ ವರದಿಗಾರ್ತಿ ಮಾಡಿದ ಭಾಷಣದ ಲಿಖಿತ ರೂಪ.)



ಸಂಘದವರು ನನಗೆ ಕೊಟ್ಟ ವಿಷಯ ‘ಫೋಟೋ ಲ್ಯಾಬ್ ತಂತ್ರಜ್ಞರ ವೃತ್ತಿ ಮತ್ತು ಅವಕಾಶಗಳು’. ನಾನು ಪತ್ರಿಕೋದ್ಯಮದಲ್ಲಿ ಡಿಪ್ಲೊಮಾ ಮಾಡಿದವಳು. ಲ್ಯಾಬಿನಲ್ಲಿ ಒಂದು ದಿನವೂ ಸಂಬಳಕ್ಕೆ ದುಡಿದವಳಲ್ಲ. ಈ ಮಾತನ್ನು ಕಾರ್ಯದರ್ಶಿಗಳಿಗೆ ಹೇಳಿದೆ. ‘ನಿಮ್ಮ ಸೋದರಮಾವ ಇಪ್ಪತ್ತಮೂರು ವರ್ಷ ಕಲರ್ ಲ್ಯಾಬಿನಲ್ಲಿದ್ದವರು. ಆದರೆ ಅವರಿಗೆ ಮೈಕು ಕೊಟ್ಟರೆ ಎರಡು ವಾಕ್ಯಕ್ಕೆ ಮುಗಿಸಿಬಿಡುತ್ತಾರೆ. ನೀವೇ ಬನ್ನಿ’ ಎಂದರು. ಹಾಗಾಗಿ ಬಂದಿದ್ದೇನೆ. ಮಾಮನನ್ನೂ ಕರೆದುಕೊಂಡು ಬಂದಿದ್ದೇನೆ. ಕೊನೆಯ ಸಾಲಿನಲ್ಲಿ, ಕಿಟಕಿಯ ಪಕ್ಕ ಕುಳಿತಿದ್ದಾರೆ. ನಾನು ತಪ್ಪು ಹೇಳಿದರೆ ಕೆಮ್ಮುವುದಾಗಿ ಬಸ್ಸಿನಲ್ಲೇ ಎಚ್ಚರಿಸಿದ್ದಾರೆ.

ಕಾರ್ಯಕ್ರಮ ಶುರುವಾಗುವ ಮುಂಚೆ ವಿದ್ಯಾರ್ಥಿಯೊಬ್ಬ ನನ್ನ ಹತ್ತಿರ ಬಂದು ಕೇಳಿದ: ‘ಮೇಡಂ, ಎಲ್ಲರ ಕೈಯಲ್ಲೂ ಮೊಬೈಲ್ ಇದೆ. ರೀಲು ತೊಳೆಸುವವರೇ ಇಲ್ಲ. ಈ ಕೆಲಸ ಕಲಿತು ಹೊಟ್ಟೆ ತುಂಬುತ್ತದೆಯೇ?’ ನೇರವಾದ ಪ್ರಶ್ನೆ. ಇದಕ್ಕೆ ಹೌದು ಎಂದರೂ ತಪ್ಪು, ಇಲ್ಲ ಎಂದರೂ ತಪ್ಪು. ‘ಈ ಕೆಲಸ’ ಎಂದರೆ ಏನು ಎಂಬುದನ್ನು ಮೊದಲು ತಿಳಿದುಕೊಂಡರೆ ಉತ್ತರ ಸಿಗುತ್ತದೆ. ಅದಕ್ಕೆ ಸ್ವಲ್ಪ ಹಿಂದಕ್ಕೆ ಹೋಗೋಣ.

ಪತ್ರಿಕೆಯಲ್ಲಿ ಚಿತ್ರ ಬಂದರೆ ಕೆಳಗೆ ಛಾಯಾಗ್ರಾಹಕರ ಹೆಸರು ಹಾಕುತ್ತೇವೆ. ಲ್ಯಾಬಿನಲ್ಲಿ ಅದನ್ನು ತೊಳೆದು, ಪ್ರಿಂಟು ಹಾಕಿದವನ ಹೆಸರು ಎಲ್ಲೂ ಇರುವುದಿಲ್ಲ. ಮೊದಲಿಗೆ ಈ ಭೇದ ಇರಲಿಲ್ಲ. ಫ್ರಾನ್ಸಿನ ದಾಗೇರ್ ಕಂಡುಹಿಡಿದ ವಿಧಾನವನ್ನು ಜಗತ್ತಿಗೆ ಬಿಡಿಸಿ ಹೇಳಿದ್ದು 1839ರ ಆಗಸ್ಟ್ 19ರಂದು. ನಾವು ಇವತ್ತು ಆಚರಿಸುತ್ತಿರುವ ದಿನ ಅದೇ. ಅಲ್ಲಿಂದ ಸುಮಾರು ಐವತ್ತು ವರ್ಷ, ಚಿತ್ರ ತೆಗೆಯುವವನೇ ರಾಸಾಯನಿಕ ಕಲಸಬೇಕು, ಅವನೇ ತೊಳೆಯಬೇಕು. 1854ರ ಡಿಸೆಂಬರಿನಲ್ಲಿ ಲಿನಿಯಸ್ ಟ್ರೈಪ್ ಎಂಬ ಸೇನಾಧಿಕಾರಿ ನಮ್ಮ ಹಳೇಬೀಡು, ಬೇಲೂರಿಗೆ ಬಂದು ದೇವಾಲಯಗಳ ಚಿತ್ರ ತೆಗೆದ. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಇನ್ನೊಬ್ಬ ಅಧಿಕಾರಿ ಹಂಪಿಯ ಅವಶೇಷಗಳ ಚಿತ್ರ ತೆಗೆದ. ಇಂದಿನಂತೆ ಫಿಲ್ಮಿಲ್ಲ, ಕಾಗದಕ್ಕೆ ಬೆಳ್ಳಿಯ ಲವಣ ಲೇಪಿಸಿ ಅದನ್ನೇ ನೆಗೆಟಿವ್ ಮಾಡಿಕೊಳ್ಳಬೇಕು. ಆಗ ಚಿತ್ರ ದೊಡ್ಡದು ಮಾಡುವ ಅನುಕೂಲ ಇರಲಿಲ್ಲ. ಪ್ರಿಂಟು ಎಷ್ಟು ದೊಡ್ಡದು ಬೇಕೋ ಕ್ಯಾಮೆರಾದೊಳಗಿನ ಕಾಗದವೂ ಅಷ್ಟೇ ದೊಡ್ಡದಿರಬೇಕು. ತುಂಗಭದ್ರೆಯ ದಂಡೆಯ ಬಿಸಿಲಿನಲ್ಲಿ ಕತ್ತಲು ಮಾಡಿಕೊಂಡು, ನೀರು ಹೊರಿಸಿಕೊಂಡು ಇಷ್ಟೆಲ್ಲ ಮಾಡಿದ್ದಾರೆ. ಗ್ರೀನ್‌ಲಾನ ನೆಗೆಟಿವ್‌ಗಳು 1980ರಲ್ಲಿ ಮತ್ತೆ ಬೆಳಕಿಗೆ ಬಂದವು. 1983ರಲ್ಲಿ ಆಸ್ಟ್ರೇಲಿಯಾದ ಜಾನ್ ಗಾಲಿಂಗ್ಸ್ ಅದೇ ಜಾಗಗಳಲ್ಲಿ ನಿಂತು ಮತ್ತೆ ಚಿತ್ರ ತೆಗೆದರು. ಹಂಪಿಯಲ್ಲಿ ಏನು ಬಿದ್ದಿದೆ, ಏನು ಉಳಿದಿದೆ ಎಂದು ಹೋಲಿಸಿ ನೋಡಲು ಸಾಧ್ಯವಾದದ್ದು ಹೀಗೆ. ನೂರಿಪ್ಪತ್ತು ವರ್ಷಕ್ಕೂ ಮೀರಿ ಆ ಕಾಗದಗಳು ಉಳಿದವೆಂದರೆ ಅವನ್ನು ಚೆನ್ನಾಗಿ ತೊಳೆದಿದ್ದರು ಎಂದು ಅರ್ಥ. ‘ತೊಳೆಯುವ’ ವಿಷಯಕ್ಕೆ ಮುಂದೆ ಬರುತ್ತೇನೆ.

ತೆಗೆಯುವವನೂ ತೊಳೆಯುವವನೂ ಬೇರೆಯಾದದ್ದು 1888ರಲ್ಲಿ. ಅಮೆರಿಕದ ಜಾರ್ಜ್ ಈಸ್ಟ್‌ಮನ್ ಕೊಡಕ್ ಎಂಬ ಪೆಟ್ಟಿಗೆ ಕ್ಯಾಮೆರಾ ಮಾರುಕಟ್ಟೆಗೆ ತಂದ. ಬೆಲೆ 25 ಡಾಲರ್. ಒಳಗೆ 100 ಚಿತ್ರಕ್ಕಾಗುವಷ್ಟು ರೋಲು ತುಂಬಿಯೇ ಕೊಡುತ್ತಿದ್ದರು. ರೋಲು ಮುಗಿದ ಮೇಲೆ ಕ್ಯಾಮೆರಾವನ್ನೇ, ಜೊತೆಗೆ 10 ಡಾಲರನ್ನೂ ರಾಚೆಸ್ಟರ್ ನಗರದ ಕಾರ್ಖಾನೆಗೆ ಕಳಿಸಬೇಕು. ಅವರು ತೊಳೆದು, ಪ್ರಿಂಟು ಹಾಕಿ, ಹೊಸ ರೋಲು ತುಂಬಿ ವಾಪಸು ಕಳಿಸುತ್ತಿದ್ದರು. ಗುಂಡಿ ಒತ್ತುವುದಷ್ಟೇ ಗಿರಾಕಿಯ ಕೆಲಸ, ಮಿಕ್ಕದ್ದು ನಮ್ಮದು ಎಂಬುದು ಅವನ ಜಾಹೀರಾತಿನ ಸಾರ. ಆ ‘ಮಿಕ್ಕದ್ದು’ ಇದೆಯಲ್ಲ, ಅದೇ ಫೋಟೋ ಲ್ಯಾಬ್ ತಂತ್ರಜ್ಞನ ವೃತ್ತಿ. ಗಿರಾಕಿಗೆ ಕಾಣಿಸದಿರುವುದೇ ಆ ವೃತ್ತಿಯ ಹುಟ್ಟುಗುಣ.

ನಮ್ಮ ಊರುಗಳಿಗೆ ಬರೋಣ. ಮಾಮ ಎಸ್ಸೆಸ್ಸೆಲ್ಸಿಯಲ್ಲಿ ಗಣಿತಕ್ಕೆ ಡುಮ್ಕಿ ಹೊಡೆದು 1986ರಲ್ಲಿ ದಾವಣಗೆರೆಯ ಸ್ಟುಡಿಯೋ ಒಂದಕ್ಕೆ ಸೇರಿದರು. ಆಗ ಹದಿನಾರು ವರ್ಷ. ಕಪ್ಪು-ಬಿಳುಪಿನ ಕಾಲ ಪೂರ್ತಿ ಮುಗಿದಿರಲಿಲ್ಲ. ಮೊದಲ ಎಂಟು ತಿಂಗಳು ಅವರಿಗೆ ಕೊಟ್ಟ ಕೆಲಸ ನೀರು ತುಂಬುವುದು, ಪ್ರಿಂಟು ತೊಳೆಯುವುದು, ಒಣಗಿಸುವುದು. ಡಾರ್ಕ್‌ರೂಮಿನೊಳಗೆ ಕೆಂಪು ದೀಪ, ಮೂರು ಟ್ರೇ. ಒಂದರಲ್ಲಿ ಡೆವಲಪರ್, ಎರಡನೆಯದರಲ್ಲಿ ಅದನ್ನು ತಡೆಯುವ ಹುಳಿನೀರು, ಮೂರನೆಯದರಲ್ಲಿ ಹೈಪೋ. ಕೆಂಪು ದೀಪವೇ ಏಕೆ ಎಂದರೆ, ಬ್ರೋಮೈಡ್ ಕಾಗದಕ್ಕೆ ಕೆಂಪು ಬೆಳಕು ಕಾಣಿಸುವುದಿಲ್ಲ. ಅದು ನೀಲಿಯ ಕಡೆಯ ಬೆಳಕಿಗೆ ಮಾತ್ರ ಸ್ಪಂದಿಸುತ್ತದೆ. ಆದರೆ ಕ್ಯಾಮೆರಾದ ಫಿಲ್ಮಿಗೆ ಎಲ್ಲ ಬಣ್ಣವೂ ಕಾಣಿಸುತ್ತದೆ. ಅದನ್ನು ಟ್ಯಾಂಕಿಗೆ ತುಂಬುವಾಗ ಕೆಂಪು ದೀಪವನ್ನೂ ಆರಿಸಿ, ಗವ್ವೆನ್ನುವ ಕತ್ತಲಲ್ಲಿ ಬೆರಳಿನಿಂದಲೇ ಕೆಲಸ ಮಾಡಬೇಕು. ಡೆವಲಪರ್ 20 ಡಿಗ್ರಿ ಸೆಂಟಿಗ್ರೇಡಿನಲ್ಲಿರಬೇಕು ಎಂದು ಪುಸ್ತಕ ಹೇಳುತ್ತದೆ. ದಾವಣಗೆರೆಯ ಏಪ್ರಿಲ್ ತಿಂಗಳಲ್ಲಿ 20 ಡಿಗ್ರಿ ಎಲ್ಲಿಂದ ತರುವುದು? ಐಸ್‌ಕ್ಯಾಂಡಿ ಕಾರ್ಖಾನೆಯಿಂದ ಮಂಜುಗಡ್ಡೆ ತಂದು ಟ್ರೇಯ ಕೆಳಗೆ ಇಡುತ್ತಿದ್ದರಂತೆ.

ಈಗ ಆ ‘ತೊಳೆಯುವ’ ವಿಷಯ. ಸೋಡಿಯಂ ಥಯೋಸಲ್ಫೇಟ್, ಅಂದರೆ ನಮ್ಮ ಹೈಪೋ, ಬೆಳ್ಳಿಯ ಲವಣವನ್ನು ಕರಗಿಸುತ್ತದೆ ಎಂದು 1819ರಲ್ಲೇ ಕಂಡುಕೊಂಡವನು ಇಂಗ್ಲೆಂಡಿನ ವಿಜ್ಞಾನಿ ಜಾನ್ ಹರ್ಷೆಲ್. ಚಿತ್ರದಲ್ಲಿ ಬಳಕೆಯಾಗದೆ ಉಳಿದ ಲವಣವನ್ನು ಹೈಪೋ ತೆಗೆದುಹಾಕುತ್ತದೆ. ಇಲ್ಲದಿದ್ದರೆ ಬೆಳಕಿಗೆ ಹಿಡಿದ ಕೂಡಲೇ ಚಿತ್ರ ಕಪ್ಪಾಗುತ್ತದೆ. ಆದರೆ ಕೆಲಸ ಮುಗಿದ ಮೇಲೆ ಹೈಪೋ ಕಾಗದದಲ್ಲಿ ಉಳಿಯಬಾರದು. ಉಳಿದರೆ ಅದರಲ್ಲಿರುವ ಗಂಧಕದ ಅಂಶ ಹತ್ತಾರು ವರ್ಷದ ಮೇಲೆ ಚಿತ್ರವನ್ನು ಹಳದಿ ಮಾಡುತ್ತದೆ, ಮಸುಕು ಮಾಡುತ್ತದೆ. ನಿಮ್ಮ ಮನೆಯ ಗೋಡೆಯ ಮೇಲೆ ಅಜ್ಜನ ಫೋಟೋ ಇದ್ದರೆ ಹೋಗಿ ನೋಡಿ. ಅದು ಇನ್ನೂ ಕಪ್ಪು-ಬಿಳುಪಾಗಿಯೇ ಇದ್ದರೆ, ಯಾವುದೋ ಸ್ಟುಡಿಯೋದ ಹಿತ್ತಲಿನಲ್ಲಿ ಒಬ್ಬ ಹುಡುಗ ಕೊಡ ಕೊಡ ನೀರು ಬದಲಿಸಿ ಅದನ್ನು ತೊಳೆದಿದ್ದಾನೆ. ಅಜ್ಜನ ಮುಖ ಕಂದಿ ಮಾಸಿದ್ದರೆ, ಬಹುಶಃ ಅವತ್ತು ಬಾವಿಯಲ್ಲಿ ನೀರು ಕಡಿಮೆ ಇದ್ದಿರಬೇಕು, ಇಲ್ಲವೇ ಮದುವೆ ಸೀಜನ್ನಿನ ಅವಸರ. ಫೋಟೋ ತೆಗೆದವರ ಹೆಸರು ರಟ್ಟಿನ ಮೇಲೆ ಅಚ್ಚಾಗಿದೆ. ಚಿತ್ರ ಇಷ್ಟು ವರ್ಷ ಬಾಳಿದ್ದು ಆ ಹುಡುಗನ ಕೈಗುಣದಿಂದ.

1990ರಲ್ಲಿ ಮಾಮ ಅದೇ ಊರಿನ ಕಲರ್ ಲ್ಯಾಬಿಗೆ ಸೇರಿದರು. ಅದಕ್ಕೂ ಹಿಂದೆ ಸಣ್ಣ ಊರಿನವರು ಬಣ್ಣದ ರೋಲನ್ನು ದೊಡ್ಡ ನಗರಕ್ಕೆ ಕಳಿಸಿ ದಿನಗಟ್ಟಲೆ ಕಾಯಬೇಕಿತ್ತು. ಜಪಾನಿನ ನೊರಿಟ್ಸು ಕಂಪನಿ 1970ರ ದಶಕದ ಕೊನೆಯಲ್ಲಿ ಒಂದು ಅಂಗಡಿಯೊಳಗೆ ಹಿಡಿಸುವಂಥ ಸಂಸ್ಕರಣಾ ಯಂತ್ರವನ್ನು ತಂದಿತು. ಅದರ ಹೆಸರು ಕ್ಯೂ.ಎಸ್.ಎಸ್., ಅಂದರೆ ತ್ವರಿತ ಸೇವಾ ವ್ಯವಸ್ಥೆ. ಕಂಪನಿಯ ಈ ಹೆಸರು ನಮ್ಮಲ್ಲಿ ಲ್ಯಾಬಿಗೇ ಅಡ್ಡಹೆಸರಾಗಿ, ಬೋರ್ಡುಗಳ ಮೇಲೆಲ್ಲ ಏರಿ ಕುಳಿತಿತು. ಬೆಳಿಗ್ಗೆ ರೋಲು ಕೊಟ್ಟರೆ ಸಂಜೆಗೆ ಫೋಟೋ. ಹವಾನಿಯಂತ್ರಣ, ಗಾಜಿನ ಬಾಗಿಲು, ಚಪ್ಪಲಿ ಹೊರಗೆ ಬಿಡಬೇಕು. ಸಣ್ಣ ಪಟ್ಟಣದಲ್ಲಿ ಬ್ಯಾಂಕು ಬಿಟ್ಟರೆ ತಣ್ಣಗಿದ್ದ ಜಾಗ ಅದೊಂದೇ ಎಂದು ಮಾಮ ನಗುತ್ತಾರೆ.

ಯಂತ್ರ ಬಂದ ಮೇಲೆ ಮನುಷ್ಯನಿಗೆ ಏನು ಕೆಲಸ ಎಂದು ನೀವು ಕೇಳಬಹುದು. ಇಲ್ಲಿ ಸ್ವಲ್ಪ ವಿವರವಾಗಿ ಹೇಳಬೇಕು. ಇವತ್ತಿನ ನಿಮ್ಮ ಪ್ರಶ್ನೆಗೂ ಉತ್ತರ ಇಲ್ಲೇ ಇದೆ.

ಕಲರ್ ಫಿಲ್ಮ್ ತೊಳೆಯುವ ವಿಧಾನದ ಹೆಸರು ಸಿ-41. ಅದು 1972ರಿಂದ ಬಳಕೆಗೆ ಬಂತು. ಡೆವಲಪರ್ 37.8 ಡಿಗ್ರಿಯಲ್ಲಿರಬೇಕು, ಫಿಲ್ಮ್ ಅದರಲ್ಲಿ 3 ನಿಮಿಷ 15 ಸೆಕೆಂಡು ಇರಬೇಕು. ಅರ್ಧ ಡಿಗ್ರಿ ಆಚೀಚೆಯಾದರೂ ಬಣ್ಣ ಕೆಡುತ್ತದೆ. ಬೆಳಿಗ್ಗೆ ಲ್ಯಾಬ್ ತೆರೆದ ಕೂಡಲೇ ಗಿರಾಕಿಯ ರೋಲು ಹಾಕುವಂತಿಲ್ಲ. ಕಂಪನಿಯಿಂದ ಬಂದ ಕಂಟ್ರೋಲ್ ಸ್ಟ್ರಿಪ್ ಎಂಬ ಪರೀಕ್ಷೆಯ ತುಂಡನ್ನು ಮೊದಲು ಓಡಿಸಿ, ಡೆನ್ಸಿಟೋಮೀಟರಿನಲ್ಲಿ ಅಳೆದು, ರಾಸಾಯನಿಕ ಸರಿಯಿದೆ ಎಂದು ಖಾತ್ರಿ ಮಾಡಿಕೊಳ್ಳಬೇಕು. ಒಂದು ಟ್ಯಾಂಕು ಕೆಟ್ಟರೆ ಹತ್ತಾರು ಮನೆಗಳ ಮದುವೆ, ನಾಮಕರಣ, ಗೃಹಪ್ರವೇಶ ಒಟ್ಟಿಗೇ ಹಾಳು. ಲ್ಯಾಬಿನ ಕವರಿನ ಹಿಂದೆ ಸಣ್ಣ ಅಕ್ಷರದಲ್ಲಿ ಒಂದು ಸಾಲು ಇರುತ್ತಿತ್ತು: ರೋಲು ಕಳೆದುಹೋದರೆ ಅಥವಾ ಕೆಟ್ಟರೆ ಹೊಸ ರೋಲು ಮಾತ್ರ ಕೊಡಲಾಗುವುದು ಎಂದು. ಕಾಯಿದೆ ಪ್ರಕಾರ ಮಾಲೀಕನ ಹೊಣೆ ಅಷ್ಟಕ್ಕೇ ಮುಗಿಯಿತು ಎನ್ನೋಣ. ಕೌಂಟರಿನ ಮುಂದೆ ಬಂದು ಅಳುವ ತಾಯಿಯನ್ನು ಸಂಭಾಯಿಸಬೇಕಾದವನು ತಂತ್ರಜ್ಞ.

ಒಮ್ಮೆ ರಾತ್ರಿ ಎಂಟರ ಸುಮಾರಿಗೆ ಕರೆಂಟು ಹೋಗಿ, ಜನರೇಟರೂ ಹೊತ್ತದೆ, ಯಂತ್ರದೊಳಗೆ ಮೂರು ರೋಲು ಸಿಕ್ಕಿಕೊಂಡವಂತೆ. ಒಂದೊಂದು ಸೆಕೆಂಡು ಹೆಚ್ಚಾದಷ್ಟೂ ಚಿತ್ರ ಕೆಡುತ್ತದೆ. ಎಲ್ಲ ಬಾಗಿಲು ಮುಚ್ಚಿ, ಕತ್ತಲಲ್ಲೇ ಯಂತ್ರದ ಮುಚ್ಚಳ ತೆಗೆದು, ಬರಿಗೈಯನ್ನು ರಾಸಾಯನಿಕದಲ್ಲಿ ಅದ್ದಿ, ಮಾಮ ಮೂರೂ ರೋಲನ್ನು ಒಂದು ಟ್ಯಾಂಕಿನಿಂದ ಇನ್ನೊಂದಕ್ಕೆ ಕೈಯಿಂದಲೇ ಸಾಗಿಸಿದರು. ಎರಡು ಉಳಿದವು. ಮೂರನೆಯದು ಒಂದು ಮಗುವಿನ ಮೊದಲ ಹುಟ್ಟುಹಬ್ಬದ್ದು. ಮೂವತ್ತಾರು ಚಿತ್ರಗಳಲ್ಲಿ ಹದಿನಾಲ್ಕು ಮಾತ್ರ ಸಿಕ್ಕವು. ‘ಆ ಮಗುವಿಗೆ ಈಗ ಮದುವೆ ಆಗಿರಬೇಕು’ ಎಂದು ಮಾಮ ಈಗಲೂ ಲೆಕ್ಕ ಹಾಕುತ್ತಾರೆ. ಉಳಿದ ಎರಡು ರೋಲು ಯಾರದ್ದೆಂದು ಅವರಿಗೆ ನೆನಪಿಲ್ಲ.

ಇನ್ನು ಪ್ರಿಂಟಿನ ವಿಷಯ. ಯಂತ್ರಕ್ಕೆ ಒಂದು ನಂಬಿಕೆ ಇರುತ್ತದೆ: ಜಗತ್ತಿನ ಯಾವ ದೃಶ್ಯದ ಬಣ್ಣಗಳನ್ನು ಕಲಸಿದರೂ ಸರಾಸರಿ ಬೂದು ಬರಬೇಕು ಎಂದು. ಸಾಮಾನ್ಯವಾಗಿ ಅದು ಸರಿ. ಆದರೆ ನಮ್ಮ ಮದುಮಗಳು ಕೆಂಪು ಧಾರೆ ಸೀರೆ ಉಟ್ಟು, ಕೆಂಪು ಪರದೆಯ ಮುಂದೆ ಕುಳಿತರೆ? ಚಿತ್ರದ ಮುಕ್ಕಾಲು ಭಾಗ ಕೆಂಪು. ಯಂತ್ರ ಇದೇನೋ ದೋಷ ಎಂದುಕೊಂಡು ಕೆಂಪನ್ನು ಕಡಿಮೆ ಮಾಡುತ್ತದೆ. ಸೀರೆ ಮಂಕಾಗಿ, ಹುಡುಗಿಯ ಮುಖ ಹಸಿರು-ನೀಲಿಗೆ ತಿರುಗುತ್ತದೆ. ಅರಿಶಿನ ಶಾಸ್ತ್ರದ ಚಿತ್ರಕ್ಕೂ ಇದೇ ಗತಿ. ಹಚ್ಚಿದ ಅರಿಶಿನವನ್ನು ಯಂತ್ರ ತೊಳೆದುಬಿಡುತ್ತದೆ. ಇದನ್ನು ತಡೆಯಲು ಆಪರೇಟರ್ ನೆಗೆಟಿವ್ ನೋಡಿದ ಕೂಡಲೇ ಹಳದಿ, ಮೆಜೆಂಟಾ, ಸಯಾನ್, ಡೆನ್ಸಿಟಿ ಎಂಬ ನಾಲ್ಕು ಗುಂಡಿಗಳನ್ನು ಒತ್ತಿ ತಿದ್ದಬೇಕು. ನೆಗೆಟಿವಿನಲ್ಲಿ ಎಲ್ಲವೂ ತಿರುಗುಮುರುಗು. ಬೆಳಕಿದ್ದಲ್ಲಿ ಕಪ್ಪು, ಕೆಂಪಿದ್ದಲ್ಲಿ ಹಸಿರು-ನೀಲಿ, ಎಲೆಯಿದ್ದಲ್ಲಿ ಕೆನ್ನೀಲಿ. ಮೇಲಿಂದ ಇಡೀ ಫಿಲ್ಮಿಗೆ ಕಿತ್ತಳೆ ಬಣ್ಣದ ಮುಸುಕು. ಇಷ್ಟನ್ನೂ ದಾಟಿ, ಆ ಸೀರೆ ಮೆರೂನೋ ಕುಂಕುಮ ಬಣ್ಣವೋ ಎಂದು ಎರಡು ಸೆಕೆಂಡಿನಲ್ಲಿ ಹೇಳಬಲ್ಲ ಕಣ್ಣು ಬೇಕು. ಅದು ಬರಲು ಮಾಮನಿಗೆ ಎರಡು ವರ್ಷ ಹಿಡಿಯಿತಂತೆ.

ಮುಖದ ಬಣ್ಣದ ಬಗ್ಗೆ ಒಂದು ಮಾತು. ಕೊಡಕ್ ಕಂಪನಿ ಪ್ರಿಂಟಿನ ಬಣ್ಣ ಸರಿಹೊಂದಿಸಲು ಲ್ಯಾಬುಗಳಿಗೆ ಮಾದರಿ ಚಿತ್ರ ಕಳಿಸುತ್ತಿತ್ತು. ಅದರಲ್ಲಿ ಬಹುಕಾಲ ಇದ್ದದ್ದು ಬಿಳಿಯ ಹೆಂಗಸಿನ ಮುಖ. ಆ ಕಾರ್ಡಿಗೆ ‘ಷರ್ಲಿ’ ಎಂದೇ ಹೆಸರಾಗಿತ್ತು. ಷರ್ಲಿಗೆ ಹೊಂದಿಸಿದ ಯಂತ್ರದಲ್ಲಿ ನಮ್ಮ ಎಣ್ಣೆಗೆಂಪು, ಕಪ್ಪು ಮುಖಗಳ ವಿವರ ಮುಳುಗಿಹೋಗುತ್ತಿತ್ತು. ಅದನ್ನು ಎತ್ತಿ ತೆಗೆಯುವುದು ಆಪರೇಟರಿನ ಕೌಶಲ. ಆದರೆ ಗಿರಾಕಿಗಳ ಬೇಡಿಕೆಯೇ ಬೇರೆ: ‘ಅಣ್ಣಾ, ಹುಡುಗಿ ಸ್ವಲ್ಪ ಬೆಳ್ಳಗೆ ಬರ್ಲಿ, ಗಂಡಿನ ಕಡೆಯವರಿಗೆ ಕಳಿಸೋದು.’ ಎಷ್ಟು ಹುಡುಗಿಯರನ್ನು ಹೀಗೆ ಬೆಳ್ಳಗೆ ಮಾಡಿದಿರಿ ಎಂದು ಕೇಳಿದೆ. ಮಾಮ ಮಾತಾಡಲಿಲ್ಲ. ನನ್ನ ಅಮ್ಮನ ಫೋಟೋವನ್ನೂ ಅವರೇ ಹಾಗೆ ಮಾಡಿ ಕಳಿಸಿದ್ದರು ಎಂದು ಆಮೇಲೆ ಅಜ್ಜಿ ಹೇಳಿದರು.

ಇಷ್ಟು ಕೌಶಲಕ್ಕೆ ಸಿಕ್ಕ ಪ್ರತಿಫಲವೇನು? ಇದನ್ನು ಹೇಳದೆ ಅವಕಾಶಗಳ ಬಗ್ಗೆ ಮಾತಾಡಿದರೆ ನಿಮಗೆ ಮೋಸ ಮಾಡಿದಂತೆ. ಡೆವಲಪರಿನ ರಾಸಾಯನಿಕ ಕೆಲವರ ಚರ್ಮಕ್ಕೆ ಆಗುವುದಿಲ್ಲ. ಕೈ ಬಿರಿಯುತ್ತದೆ, ತುರಿಸುತ್ತದೆ, ಒಮ್ಮೆ ಶುರುವಾದರೆ ಬಿಡುವುದು ಕಷ್ಟ. ಕೈಗವಸು ಹಾಕಿಕೊಳ್ಳಿ ಎಂದು ಡಬ್ಬದ ಮೇಲೆ ಬರೆದಿರುತ್ತದೆ. ಕೈಗವಸು ಕೊಡಿಸುವವರು ಬೇಕಲ್ಲ. ಬಳಸಿ ಬಿಟ್ಟ ಹೈಪೋದಲ್ಲಿ ಬೆಳ್ಳಿ ಇರುತ್ತದೆ. ಅದನ್ನು ಕೊಳ್ಳುವವರು ಕ್ಯಾನು ಹಿಡಿದುಕೊಂಡು ಲ್ಯಾಬಿಗೆ ಬರುತ್ತಿದ್ದರು. ಬೆಳ್ಳಿಯ ದುಡ್ಡು ಮಾಲೀಕರಿಗೆ, ಹೈಪೋದ ವಾಸನೆ ಕೆಲಸಗಾರರಿಗೆ. ನೇಮಕಾತಿ ಪತ್ರ ಎಂಬುದೇ ಇರಲಿಲ್ಲ. ಭವಿಷ್ಯ ನಿಧಿಯ ಕಾನೂನು 20 ಜನಕ್ಕಿಂತ ಕಡಿಮೆ ಇದ್ದ ಕಡೆ ಕಡ್ಡಾಯವಾಗಿ ಅನ್ವಯವಾಗುತ್ತಿರಲಿಲ್ಲ. ಲ್ಯಾಬಿನಲ್ಲಿ ಇದ್ದವರು ಐದು ಜನ. ಇಪ್ಪತ್ತಮೂರು ವರ್ಷ ದುಡಿದದ್ದಕ್ಕೆ ಮಾಮನ ಬಳಿ ಇರುವ ದಾಖಲೆ ಒಂದೇ, ಲ್ಯಾಬಿನ ವಾರ್ಷಿಕೋತ್ಸವದ ಗುಂಪು ಚಿತ್ರ. ಅದರಲ್ಲೂ ಅವರಿಲ್ಲ. ಕ್ಯಾಮೆರಾ ಹಿಡಿದವರು ಅವರೇ.

ಆಮೇಲೆ ಡಿಜಿಟಲ್ ಬಂತು. ಬಂತು ಎನ್ನುವುದಕ್ಕಿಂತ ಬಹಳ ದಿನದಿಂದ ಬರುತ್ತಲೇ ಇತ್ತು. ಮೊದಲ ಡಿಜಿಟಲ್ ಕ್ಯಾಮೆರಾ ಮಾಡಿದ್ದು 1975ರಲ್ಲಿ, ಫಿಲ್ಮಿನ ದೊರೆಯಾಗಿದ್ದ ಅದೇ ಕೊಡಕ್ ಕಂಪನಿಯ ಇಂಜಿನಿಯರ್ ಸ್ಟೀವನ್ ಸ್ಯಾಸನ್. ಒಂದು ಚಿತ್ರವನ್ನು ಕ್ಯಾಸೆಟ್ಟಿಗೆ ಇಳಿಸಲು ಅದಕ್ಕೆ 23 ಸೆಕೆಂಡು ಬೇಕಿತ್ತು. 1996ರಲ್ಲಿ ಫ್ಯೂಜಿ ಕಂಪನಿ ಫ್ರಾಂಟಿಯರ್ ಎಂಬ ಡಿಜಿಟಲ್ ಮಿನಿಲ್ಯಾಬ್ ತಂದಿತು. ನೆಗೆಟಿವನ್ನು ಸ್ಕ್ಯಾನ್ ಮಾಡಿ ಪರದೆಯ ಮೇಲೆ ತೋರಿಸುವ ಯಂತ್ರ. ಮಾಮನ ಲ್ಯಾಬಿಗೆ ಅಂಥ ಯಂತ್ರ ಬಂದದ್ದು 2002ರಲ್ಲಿ. ತಲೆಯೊಳಗೇ ತಿರುಗಿಸಿ ನೋಡಬೇಕಾಗಿದ್ದ ನೆಗೆಟಿವ್ ಈಗ ನೇರವಾಗಿ ಕಾಣತೊಡಗಿತು. ಎರಡು ವರ್ಷದಲ್ಲಿ ಕಲಿತದ್ದನ್ನು ಹೊಸ ಹುಡುಗ ಎರಡು ವಾರದಲ್ಲಿ ಮಾಡುವಂತಾಯಿತು. ಅಲ್ಲಿಂದ ಫಿಲ್ಮೇ ಹೋಯಿತು. 2006ರಲ್ಲಿ ಕೊನಿಕಾ ಮಿನೋಲ್ಟಾ ಕಂಪನಿ ಫೋಟೋ ವ್ಯವಹಾರದಿಂದಲೇ ಹೊರಬರುವುದಾಗಿ ಸಾರಿತು. 2009ರಲ್ಲಿ ಕೊಡಾಕ್ರೋಮ್ ಫಿಲ್ಮಿನ ತಯಾರಿಕೆ ನಿಂತಿತು. ಅದನ್ನು ತೊಳೆಯುತ್ತಿದ್ದ ಜಗತ್ತಿನ ಕೊನೆಯ ಲ್ಯಾಬು, ಅಮೆರಿಕದ ಕಾನ್ಸಸ್‌ನ ಪುಟ್ಟ ಊರಿನದು, 2010ರ ಡಿಸೆಂಬರ್ ಕೊನೆಯಲ್ಲಿ ಆ ಕೆಲಸ ನಿಲ್ಲಿಸಿತು. 2012ರ ಜನವರಿಯಲ್ಲಿ ಕೊಡಕ್ ದಿವಾಳಿ ರಕ್ಷಣೆ ಕೋರಿ ಕೋರ್ಟಿಗೆ ಹೋಯಿತು. ನಮ್ಮ ನೆರೆಯ ಊಟಿಯಲ್ಲಿ ಕೇಂದ್ರ ಸರ್ಕಾರದ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆ 1967ರಿಂದ ‘ಇಂದು’ ಹೆಸರಿನ ಫಿಲ್ಮು, ಕಾಗದ ತಯಾರಿಸುತ್ತಿತ್ತು. 1996ರಲ್ಲಿ ಅದು ರೋಗಗ್ರಸ್ತ ಉದ್ದಿಮೆ ಎನಿಸಿಕೊಂಡು, ಕಡೆಗೆ ಮುಚ್ಚಿಯೇ ಹೋಯಿತು.

ಮಾಮನ ಲ್ಯಾಬಿನಲ್ಲಿ ಅವರಿಗಿಂತ ಹತ್ತು ವರ್ಷ ಹಿರಿಯರೊಬ್ಬರಿದ್ದರು. ರಾಸಾಯನಿಕದ ಮಟ್ಟಿಗೆ ಅವರೇ ಗುರು. ಬಣ್ಣ ಎಲ್ಲಿ ತಪ್ಪಿದೆ ಎಂದು ವಾಸನೆಯಿಂದಲೇ ಹೇಳುತ್ತಿದ್ದರಂತೆ. ಮೌಸ್ ಹಿಡಿಯಲು ಅವರ ಕೈ ಒಗ್ಗಲಿಲ್ಲ. ಕೆಲಸ ಬಿಟ್ಟು ಎಟಿಎಂ ಒಂದರ ಕಾವಲಿಗೆ ಸೇರಿದರು. ಮಾಮ ಸಂಜೆ ಹೊತ್ತು ಕಂಪ್ಯೂಟರ್ ತರಗತಿಗೆ ಹೋಗಿ ಫೋಟೋಶಾಪ್ ಕಲಿತರು. 2013ರಲ್ಲಿ ಲ್ಯಾಬು ಮುಚ್ಚಿದ ಮೇಲೆ ಎರಡು ವರ್ಷ ಖಾಲಿ ಕೂತರು. ಈಗ ಮೂರು ತಾಲ್ಲೂಕಿನ ಛಾಯಾಗ್ರಾಹಕರ ಮದುವೆ ಆಲ್ಬಂಗಳಿಗೆ ಮನೆಯಲ್ಲೇ ಕುಳಿತು ಬಣ್ಣ ತಿದ್ದಿಕೊಡುತ್ತಾರೆ. ಹೊಸದನ್ನು ಕಲಿತವನು ಗೆದ್ದ, ಕಲಿಯದವನು ಸೋತ ಎಂಬ ನೀತಿಕತೆಯಾಗಿ ಇದನ್ನು ಹೇಳಬಹುದಿತ್ತು. ಆದರೆ ಆ ಎರಡು ವರ್ಷ ಮನೆ ನಡೆದದ್ದು ಅತ್ತೆಯ ಟೀಚರ್ ಸಂಬಳದಿಂದ. ಹಿರಿಯರ ಮನೆಯಲ್ಲಿ ಅಂಥ ಸಂಬಳ ಇರಲಿಲ್ಲ. ಹಾಗಾಗಿ ಆ ಕತೆ ಹೇಳಲು ನನಗೆ ಮನಸ್ಸು ಒಪ್ಪುವುದಿಲ್ಲ.

ಹಾಗಾದರೆ ಇವತ್ತು ಏನಿದೆ? ದೊಡ್ಡ ಪಾಲು ಆಲ್ಬಂ ಲ್ಯಾಬುಗಳದ್ದು. ಮೊಬೈಲ್ ಬಂದ ಮೇಲೆ ಜನ ಬಿಡಿ ಪ್ರಿಂಟು ಹಾಕಿಸುವುದನ್ನು ಬಿಟ್ಟರು, ಮದುವೆ ಆಲ್ಬಂ ಬಿಟ್ಟಿಲ್ಲ. ಕರಿಷ್ಮಾ ಆಲ್ಬಂ ಎಂದು ನೀವೆಲ್ಲ ಕರೆಯುವ ಆ ದಪ್ಪ ಪುಸ್ತಕಕ್ಕೆ ವಿನ್ಯಾಸ, ಬಣ್ಣ ತಿದ್ದುವಿಕೆ, ಪ್ರಿಂಟು, ಬೈಂಡಿಂಗ್, ನಾಲ್ಕು ಕಡೆಯೂ ಜನ ಬೇಕು. ಆದರೆ ಇದು ಸೀಜನ್ ಕೆಲಸ. ಆಷಾಢದಲ್ಲಿ, ಧನುರ್ಮಾಸದಲ್ಲಿ ಸಂಬಳ ಪೂರ್ತಿ ಕೊಡುತ್ತಾರೆಯೇ ಎಂದು ಸೇರುವ ಮುನ್ನವೇ ಕೇಳಿ. ನೇಮಕಾತಿ ಪತ್ರ ಕೇಳಿ. ಕೇಳಿದ್ದಕ್ಕೆ ಬೇಡ ಎಂದರೆ, ಅಂಥ ಕಡೆ ಹೋಗದಿದ್ದರೆ ನಷ್ಟವಿಲ್ಲ.

ರಾಸಾಯನಿಕ ಪೂರ್ತಿ ಹೋಗಿದೆ ಎಂದು ತಿಳಿಯಬೇಡಿ. ಲೇಸರಿನಿಂದ ಬೆಳ್ಳಿಯ ಲೇಪವಿರುವ ಕಾಗದದ ಮೇಲೆ ಪ್ರಿಂಟು ಹಾಕುವ ಲ್ಯಾಬುಗಳಲ್ಲಿ ಹಳೆಯ ಆರ್‌ಎ-4 ವಿಧಾನವೇ ಇದೆ. 35 ಡಿಗ್ರಿ, 45 ಸೆಕೆಂಡು, ಕಂಟ್ರೋಲ್ ಸ್ಟ್ರಿಪ್, ಎಲ್ಲವೂ. ಇನ್ನು ಕೆಲವು ಕಡೆ ಶಾಯಿ ಚಿಮ್ಮಿಸುವ ಡ್ರೈ ಲ್ಯಾಬುಗಳು. ಅಲ್ಲಿ ಪರದೆಯ ಬಣ್ಣಕ್ಕೂ ಕಾಗದದ ಬಣ್ಣಕ್ಕೂ ತಾಳೆ ಹಾಕುವ ವಿದ್ಯೆ ಬೇಕು. ಇದನ್ನು ಕ್ರಮವಾಗಿ ಬಲ್ಲವರು ನಮ್ಮ ಜಿಲ್ಲೆಗಳಲ್ಲಿ ಕಡಿಮೆ ಎಂದು ಲ್ಯಾಬಿನವರೇ ದೂರುತ್ತಾರೆ. ಆಸ್ಪತ್ರೆಗಳ ಎಕ್ಸ್‌ರೇ ವಿಭಾಗದಲ್ಲಿ ‘ಡಾರ್ಕ್‌ರೂಮ್ ಅಸಿಸ್ಟೆಂಟ್’ ಎಂಬ ಹುದ್ದೆ ಇರುತ್ತಿತ್ತು. ಅಲ್ಲೂ ಡಿಜಿಟಲ್ ಬಂದಿದೆ, ಆ ಆಸೆ ಇಟ್ಟುಕೊಳ್ಳಬೇಡಿ. ಬೆಂಗಳೂರಿನಲ್ಲಿ ಈಚೆಗೆ ಕೆಲವು ಯುವಕರು ಮತ್ತೆ ಫಿಲ್ಮ್ ಕ್ಯಾಮೆರಾ ಹಿಡಿದಿದ್ದಾರೆ. ಸಂತೋಷ. ಅದನ್ನು ನಂಬಿ ಸಾಲ ಮಾಡಿ ಯಂತ್ರ ತರಬೇಡಿ.

ನನ್ನ ದೃಷ್ಟಿಯಲ್ಲಿ ಯಾರೂ ಅಷ್ಟಾಗಿ ಗಮನಿಸದ ಕ್ಷೇತ್ರವೊಂದಿದೆ. ಅದು ಹಳೆಯ ಚಿತ್ರಗಳ ಸಂರಕ್ಷಣೆ. 2023ರಲ್ಲಿ ಬೆಂಗಳೂರಿನಲ್ಲಿ ಕಲೆ ಮತ್ತು ಛಾಯಾಗ್ರಹಣ ವಸ್ತುಸಂಗ್ರಹಾಲಯ ‘ಮ್ಯಾಪ್’ ತನ್ನ ಸ್ವಂತ ಕಟ್ಟಡದಲ್ಲಿ ತೆರೆಯಿತು. ಅಲ್ಲಿ ಸಂರಕ್ಷಣಾ ವಿಭಾಗವೂ ಇದೆ. ಅಂಥ ದೊಡ್ಡ ಸಂಸ್ಥೆಯ ಮಾತು ಬಿಡಿ. ಪ್ರತಿ ಊರಿನ ಸ್ಟುಡಿಯೋದ ಅಟ್ಟದಲ್ಲಿ ನೆಗೆಟಿವ್‌ಗಳ ರಾಶಿ ಇದೆ. ಗೆದ್ದಲು, ಬೂಷ್ಟು ಹಿಡಿಯುತ್ತಿದೆ. ಬಣ್ಣದ ಫಿಲ್ಮಿನ ಬಣ್ಣ ದಿನೇ ದಿನೇ ಕಂದುತ್ತಿದೆ. ಇವನ್ನು ಒರೆಸಿ, ಸ್ಕ್ಯಾನ್ ಮಾಡಿ, ಬಣ್ಣ ಮರಳಿ ತರಲು ನೆಗೆಟಿವ್ ಬಲ್ಲ ಕಣ್ಣೂ ಬೇಕು, ಕಂಪ್ಯೂಟರೂ ಬೇಕು. ನಮ್ಮ ಪತ್ರಿಕೆಯ ಕಚೇರಿಯಲ್ಲೂ ಒಂದು ಕಾಲಕ್ಕೆ ಡಾರ್ಕ್‌ರೂಮ್ ಆಗಿದ್ದ ಕೋಣೆ ಇದೆ. ಈಗ ಅಲ್ಲಿ ಮುರಿದ ಕುರ್ಚಿಗಳು. ಹೋದ ವರ್ಷ ಒಂದು ಹಳೆಯ ಪ್ರವಾಹದ ಚಿತ್ರ ಹುಡುಕಿಕೊಂಡು ಹೋದೆ. ಕವರುಗಳ ಮೇಲೆ ತಾರೀಕು, ಊರು, ವಿಷಯ, ಎಲ್ಲವನ್ನೂ ಯಾರೋ ಒಂದೇ ದುಂಡನೆಯ ಕೈಬರಹದಲ್ಲಿ ಬರೆದಿಟ್ಟಿದ್ದಾರೆ. ಅದರಿಂದಾಗಿ ಇಪ್ಪತ್ತು ನಿಮಿಷದಲ್ಲಿ ಚಿತ್ರ ಸಿಕ್ಕಿತು. ಬರೆದವರು ಯಾರು ಎಂದು ವಿಚಾರಿಸಿದೆ. ‘ಡಾರ್ಕ್‌ರೂಮಿನಲ್ಲಿ ಒಬ್ಬರಿದ್ದರು’ ಎಂದರು. ಹೆಸರು ಯಾರಿಗೂ ನೆನಪಾಗಲಿಲ್ಲ.

ಕಲಿಯುವುದು ಎಲ್ಲಿ ಎಂಬುದು ಮುಂದಿನ ಪ್ರಶ್ನೆ. ಕ್ಯಾಮೆರಾ ಕಲಿಸುವ ಪರಂಪರೆ ನಮ್ಮಲ್ಲಿ ಹಳೆಯದು. ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ 1940ರ ದಶಕದಲ್ಲೇ ಸಿನಿಮಾ ಛಾಯಾಗ್ರಹಣ ಕಲಿಸುತ್ತಿದ್ದರು. ಮೈಸೂರಿನಲ್ಲಿ ಹುಟ್ಟಿ, ಮುಂದೆ ಫಾಲ್ಕೆ ಪ್ರಶಸ್ತಿ ಪಡೆದ ವಿ.ಕೆ. ಮೂರ್ತಿ ಅಲ್ಲಿಯೇ ಕಲಿತವರು. ಐಟಿಐ ತರಬೇತಿಯ ಪಟ್ಟಿಯಲ್ಲಿ ಡಿಜಿಟಲ್ ಫೋಟೋಗ್ರಾಫರ್ ಎಂಬ ವೃತ್ತಿಯೂ ಇದೆ. ಆದರೆ ಲ್ಯಾಬಿನ ಕೆಲಸವನ್ನು ಜನ ಲ್ಯಾಬಿನಲ್ಲೇ ಕಲಿತದ್ದು. ಈಗಲೂ ಬಹುಮಟ್ಟಿಗೆ ಹಾಗೆಯೇ.

ಈಗ ನನ್ನನ್ನು ಪ್ರಶ್ನೆ ಕೇಳಿದ ಹುಡುಗನಿಗೆ. ಗುಂಡಿ ಒತ್ತುವುದನ್ನು ಮಾತ್ರ ಕಲಿತರೆ ಹೊಟ್ಟೆ ತುಂಬುವುದಿಲ್ಲಪ್ಪ. ಆ ಗುಂಡಿಯನ್ನು ಯಂತ್ರವೇ ಒತ್ತಿಕೊಳ್ಳುವ ದಿನ ಬಂದಿದೆ. ಸಾವಿರ ಫೋಟೋದ ಬಣ್ಣವನ್ನು ತಾನೇ ತಿದ್ದುವ ತಂತ್ರಾಂಶ ಮಾಮನ ಕಂಪ್ಯೂಟರಿನಲ್ಲೂ ಇದೆ. ಅದು ತಿದ್ದಿದ ಮೇಲೂ ಗಿರಾಕಿ ಫೋನು ಮಾಡಿ, ‘ಇದು ನನ್ನ ಮಗಳ ಸೀರೆಯ ಬಣ್ಣ ಅಲ್ಲ’ ಎನ್ನುತ್ತಾರೆ. ಇಳಕಲ್ ಸೀರೆಯ ಸೆರಗಿನ ಕೆಂಪು ಹೇಗಿರುತ್ತದೆ ಎಂಬುದನ್ನು ಮಾಮ ಅಂಗಡಿಗೆ ಹೋಗಿ ನೋಡಿ ಬಂದಿದ್ದಾರೆ. ಸದ್ಯಕ್ಕೆ ಅವರಿಗೆ ಕೆಲಸ ಇರುವುದು ಆ ಫೋನಿನಿಂದ. ಅದು ಎಷ್ಟು ವರ್ಷ ಇರುತ್ತದೆ ಎಂದು ನಾನು ಭರವಸೆ ಕೊಡಲಾರೆ.

ಮಾಮ ಇಷ್ಟು ಹೊತ್ತು ಒಮ್ಮೆಯೂ ಕೆಮ್ಮಿಲ್ಲ. ಅವರ ಜೇಬಿನಲ್ಲಿ 1994ರ ಒಂದು ಮದುವೆಯ ನೆಗೆಟಿವ್ ತುಂಡು ಇದೆ. ಅದು ಅವರದ್ದೇ ಮದುವೆ. ಚಹಾ ಬರಲು ಇನ್ನೂ ಹತ್ತು ನಿಮಿಷವಿದೆ. ಒಬ್ಬೊಬ್ಬರಾಗಿ ಕಿಟಕಿಯ ಹತ್ತಿರ ಬನ್ನಿ, ಬೆಳಕಿಗೆ ಹಿಡಿದು ನೋಡಿ, ಅತ್ತೆ ಉಟ್ಟ ಸೀರೆ ಯಾವ ಬಣ್ಣದ್ದೆಂದು ಹೇಳಿ. ನಾನು ಹೇಳಿದ್ದು ತಪ್ಪಾಯಿತು. ಅತ್ತೆಯನ್ನೇ ಕೇಳೋಣವೆಂದರೆ, ಅವರು ಊರಿನಲ್ಲಿದ್ದಾರೆ.